ಆಲ್ಡನ್ ಬಿಟ್ಟುಕೊಟ್ಟ ಬೆಳ್ಳಿ ಕೊಕ್ಕರೆ

ವಿನ್ನಿಪೆಗ್, ನವೆಂಬರ್ ೧೨, ಗುರುವಾರ

ಕಳೆದ ವಾರದ ಪತ್ರದಲ್ಲಿ ಮಾಡಿದ ತಪ್ಪಿಗಾಗಿ ಇಂದು ವರ್ನಾಳಲ್ಲಿ ದೂರವಾಣಿಯ ಮೂಲಕ ಕ್ಷಮೆ ಕೋರಿದೆ. ಅವಳ ದಿವಂಗತ ಪತಿ, ನನ್ನ ಗೆಳೆಯ ಆಲ್ಡನ್, ಮೊಬೈಲಿನ ಆಟದಲ್ಲಿ ಸಂಗ್ರಹಿಸಿದ್ದ ಕಾರ್ಡುಗಳಿಗೆ ಬೆಲೆ ಕಟ್ಟಲು ಅವಳು ಕೇಳಿದ್ದಳು. ಅತಿ ವಿರಳವಾದ ‘ಬೆಳ್ಳಿ ಕೊಕ್ಕರೆ’ಯನ್ನು ಕೊಟ್ಟು ಅವನು ಅಗ್ಗದ ‘ಲೂನ್ ಹಕ್ಕಿ’ಯ ಎಪ್ಪತ್ತೊಂದನೆಯ ಕ್ರಮಸಂಖ್ಯೆಯ ಪ್ರತಿಯನ್ನು ಪಡೆದಿದ್ದ. “ಜೂನ್ ಐದರ ಪೆದ್ದ ವಿನಿಮಯ” ಎಂದು ಬರೆದುಬಿಟ್ಟಿದ್ದೆ. ಆಟದ ದಾಖಲೆಯಲ್ಲಿ ತಿಂಗಳು ಮೊದಲು ಬರುತ್ತದೆ. ನಾನು ಹಳೆಯ ಅಭ್ಯಾಸದಂತೆ ದಿನವನ್ನು ಮೊದಲು ಓದಿದ್ದೆ. ಅದು ಮೇ ಆರು.

ಇದನ್ನು ಕೇಳಿ ವರ್ನಾ ಅಂದಳು:

“ಮಾರನೇ ದಿನ ನನ್ ಹುಟ್ಟುಹಬ್ಬ ಕಣೋ. ಯಾರೋ ಹೆಸ್ರು ಹೇಳ್ದೆ ಆ ಲೂನ್ ಕಳ್ಸಿದ್ರು. ನಮ್ ಮದ್ವೆ ಆಗಿದ್ದು ಎಪ್ಪತ್ತೊಂದ್ರಲ್ಲಿ ಅಂತ ಆ ಆಟದಲ್ಲಿ ನಾನೂ ಎಪ್ಪತ್ತೊಂದನೇ ನಂಬರಿನ ಪ್ರತಿಗಳನ್ನೇ ಕೂಡಿಸ್ತಿದ್ದೆ. ಅದೊಂದು ಮಾತ್ರ ಸಿಕ್ಕಿರ್ಲಿಲ್ಲ. ಯಾರಿರ್ಬಹುದು ಅಂತ ಆಲ್ಡನ್ನನ್ನೇ ಕೇಳ್ದೆ. ‘ಯಾವನೋ ನಿನ್ ಮೆಚ್ಕೊಂಡಿರೋನು’ ಅಂದ, ಕಳ್ಳ! ಪೆದ್ದ ಅವನಲ್ಲ ಓರ್ವಿಲ್, ನೀನು!”

ನಕ್ಕಳು. ಅತ್ತಿರಲೂಬಹುದು.

ನಾಳೆ ಅಂಚೆಗೆ ಹಾಕಬೇಕಾದ ತಿದ್ದುಪಡಿ:

ಲೂನ್ ಬೇಕೆಂದು ಆಲ್ಡನ್ ಮೊದಲು ಕೇಳಿದ್ದು: ಮಾರ್ಚ್ ೨ ಅಲ್ಲ, ಫೆಬ್ರವರಿ ೩.
ಕೊಕ್ಕರೆಯನ್ನೇ ಕೊಡುವೆನೆಂದದ್ದು: ಮೇ ೪ ಅಲ್ಲ, ಏಪ್ರಿಲ್ ೫.
ಲೂನ್ ದೊರೆತದ್ದು: ಜೂನ್ ೫ ಅಲ್ಲ, ಮೇ ೬.