ಊಟದ ಮೇಜಾದ ಬಾಗಿಲು

ಪ್ರೀತಿಯ ತಂಗೀ,

ನಾನು ನೆರವಿಗೆಂದು ಬಂದಿರುವ, ನೆರೆ ಇಳಿದ ಈ ಊರಿನಲ್ಲಿ ಕೆಸರು ಬಾಚುವ ನಡುವೆಯೇ ಕ್ರಿಸ್ಮಸ್ ಬಂತು, ಊಟ ಮಾತ್ರ ಭರ್ಜರಿ! ಮೇಜುಗಳೆಲ್ಲ ಕೊಚ್ಚಿಹೋಗಿವೆಯಲ್ಲ, ಅದಕ್ಕೇ ಬೆಳಿಗ್ಗೆ ಹೊಳೆದಂಡೆಯಲ್ಲಿ ಸಿಕ್ಕ ಮನೆಬಾಗಿಲುಗಳನ್ನು ಚರ್ಚಿನೊಳಗೆ ಇಟ್ಟಿಗೆಗಳ ಮೇಲೇರಿಸಿ, ಬಟ್ಟೆ ಹಾಸಿ ತಟ್ಟೆ ಇಟ್ಟರು. ಓದಿದವನೆಂದು ಪಾದ್ರಿಗಳು ಊಟದ ಪ್ರಾರ್ಥನೆಯನ್ನು, ಅದೂ ಇಂಗ್ಲಿಷಿನಲ್ಲಿ, ನನಗೇ ಗಂಟುಹಾಕಿದರು. ಮನೆಯಲ್ಲಿ ಅದು ನಿನ್ನ ಅತ್ತಿಗೆಯ ಪಾಲಿನದಾಗಿತ್ತು. ನನ್ನ ಕಾಲೇಜಿನ ಇಂಗ್ಲಿಷಿನಲ್ಲಿ ಉಳಿದಿರುವುದು ರಜೆಯ ಅರ್ಜಿಯೊಂದೇ! ‘ರೆಸ್ಪೆಕ್ಟೆಡ್ ಸರ್, ಐ ಬೆಗ್ ಟು ಸ್ಟೇಟ್’ ಎಂದು ದೇವರಿಗೆ ಶುರುಮಾಡಿ, ಪಕ್ಕದಲ್ಲಿದ್ದ ಟೈಲರಮ್ಮನಿಗೊಂದು ಬಾಗಿಲು ಬೇಡಿ, ‘ಯುವರ್ಸ್ ಒಬೀಡಿಯೆಂಟ್ಲಿ, ಆಮೆನ್’ ಎಂದು ಮುಗಿಸಿದೆ. ಪಾಪ, ಬಾಗಿಲಿಲ್ಲದ ಮನೆಯಲ್ಲಿ ಮಲಗಲು ಹೆದರಿ ಅವರು ಇನ್ನೂ ಚರ್ಚಿನಲ್ಲೇ ಇದ್ದರು. ನಿನ್ನ ಅತ್ತಿಗೆ ಸ್ವರ್ಗದಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಿರಬೇಕು.

ಕೂರುವ ಗಡಿಬಿಡಿಯಲ್ಲಿ ನನ್ನ ಕೈ ತಾಗಿ ಸಾರು ಚೆಲ್ಲಿತು. ಒರೆಸಲು ಟೈಲರಮ್ಮ ಬಟ್ಟೆ ಎತ್ತಿದರೆ, ಕೆಳಗಿನ ಬಾಗಿಲ ಮೇಲೆ ಅವರ ಮಗಳ ಎತ್ತರ ಅಳೆದು ಗೀಚಿದ್ದ ಗೆರೆಗಳು!

‘ಅಯ್ಯೋ, ಇದು ನಮ್ಮನೆ ಬಾಗಿಲು ಕಣ್ರೀ! ಬೇಗ ಉಣ್ಣಿ, ತಟ್ಟೆ ಎತ್ತಿ!’

‘ಸಿಹಿ ತಿನ್ನೋಕಾದ್ರೂ ಬಿಡಮ್ಮ’ ಎಂದರು ಪಾದ್ರಿಗಳು.

‘ಅರ್ಜಿ ಪಾಸಾಗಿದೆ ಫಾದರ್, ಕೈಲಿಟ್ಕೊಂಡು ತಿನ್ನಿ!’

ಹಾಗೆಯೇ ತಿಂದೆವು. ನನ್ನ ಸೊಂಟ ಪರವಾಗಿಲ್ಲ, ನೀನು ಕೊಟ್ಟ ಎಣ್ಣೆ ಮಾತ್ರ ಮುಗಿದಿದೆ. ಈ ಕಾರ್ಡನ್ನು ಅದೇ ಬಾಗಿಲಿನ ಮೇಲಿಟ್ಟು ಬರೆಯುತ್ತಿದ್ದೇನೆ. ಅದನ್ನು ಮನೆಗೆ ಕೂರಿಸಲು ಬಡಗಿ ಕಾಯುತ್ತಿದ್ದಾನೆ, ಟೈಲರಮ್ಮ ಆಗಲೇ ಒಂದು ತುದಿ ಎತ್ತಿ, ‘ಅಣ್ಣಾ, ಆ ಕಡೆ ಹಿಡೀರಿ, ಇವತ್ತು ಮನೇಲಿ ಮಲಗ್ಬೇಕು’ ಎನ್ನುತ್ತಿದ್ದಾರೆ. ಅಕ್ಷರ ಜಾರುತ್ತಿದೆ, ಹೊರಟೆ.

ನಿನ್ನ ಅಣ್ಣ