ಬಾಳೆಹಣ್ಣಿನ ನೆಗಡಿ

ಬ್ರಹ್ಮಪುರ, ಕಲಬುರ್ಗಿ
ಆಶ್ವೀಜ ಬಹುಳ ದಶಮಿ, ೧೯೧೮

ತಮ್ಮ ಅಣವೀರಪ್ಪನಿಗೆ ಅಕ್ಕನ ಆಶೀರ್ವಾದ.

ಉತ್ತರ ತಡವಾಯಿತು, ಸಿಟ್ಟಾಗಬೇಡ. "ನೆಗಡಿ ಬಂದ್ರ ಯಾರರೆ ಸಾಯ್ತಾರೇನಕ್ಕಾ? ನನ್ನ ಮಗಳಿಗಿ ಏನು ಮಾಡಿದ್ರಿ?" ಎಂದು ಕೇಳಿದ್ದೀ. ಕೇಳುವ ಹಕ್ಕು ನಿನಗಿದೆ. ಚಂದಮ್ಮ ನನಗೆ ಸೊಸೆ, ನಿನಗೆ ಹೊಟ್ಟೆಯ ಮಗಳು. ನಡೆದದ್ದು ನಡೆದಂತೆ ಹೇಳುತ್ತೇನೆ.

ದಸರೆ ಮುಗಿದ ಮೇಲೆ ಕಮಲಾಪುರದಿಂದ ಕೆಂಪು ಬಾಳೆಹಣ್ಣಿನ ಬುಟ್ಟಿ ಕಳಿಸಿದೆಯಲ್ಲ, ಅದು ಬಂದ ಬೆಳಗ್ಗೆಯೇ ಅವಳು ಸೀನಿದಳು. ನಮಗೆಲ್ಲ ನಗು. ನಮ್ಮ ತವರಿನಲ್ಲಿ ಯಾರು ಸೀನಿದರೂ ಅಪವಾದ ಬಾಳೆಯ ಮೇಲೆ ತಾನೇ? "ಹಣ್ಣಿನ ವಾಸನಿಗೇ ನೆಗಡಿ ಬಂತು ನೋಡ್ರಿ ಅತ್ತಿ" ಎಂದು ಅವಳೂ ನಕ್ಕಳು. ಅಜವಾನದ ಹೊಗೆ ಹಾಕಿದೆ, ಮೆಣಸಿನ ಕಷಾಯ ಕೊಟ್ಟೆ. ಅವಳು ಹಣ್ಣು ಬಾಯಿಗಿಡಲಿಲ್ಲ. ಎರಡನ್ನು ಆರಿಸಿ ಗೋಡೆಯ ಮಾಡದಲ್ಲಿಟ್ಟು, "ನೆಗಡಿ ಇಳದ ಮ್ಯಾಲ ತಿಂತೀನಿ" ಎಂದಳು.

ಸಂಜೆ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಗೋಡೆಗೆ ಒರಗಿದಳು. ಮೈ ಒಲೆಯ ಮೇಲಿನ ಹಂಚಿನ ಹಾಗೆ ಸುಡುತ್ತಿತ್ತು. "ಎಲುವೆಲ್ಲ ಮುರದಂಗ ಆಗ್ಯಾವ್ರೀ" ಎಂದಳು. ಮಗ ಕಲ್ಯಾಣಪ್ಪ ಓಡಿಹೋಗಿ ಹಕೀಮರನ್ನು ಕರೆತಂದ. ಅವರು ನಾಡಿ ಹಿಡಿದು, "ಇದು ಜುಕಾಮ್ ಅಲ್ಲ ತಾಯಿ. ನೆಗಡಿ ಮೂಗಿಗಿ ಬರ್ತದ, ಇದು ಮೈಗೆಲ್ಲ ಬರ್ತದ. ಲಡಾಯಿ ಕಡಿಂದ ಬಂದ ಬುಖಾರ್, ಮುಂಬೈ ರೈಲಿನಾಗ ಬಂದು ಇಲ್ಲಿ ಇಳದದ" ಎಂದರು.

ಮರುದಿನ ಮಧ್ಯಾಹ್ನ ತುಟಿ ನೀಲಿಯಾದವು. ಕಲ್ಯಾಣಪ್ಪ ನೀರು ತರುವಷ್ಟರಲ್ಲಿ ಹೋಗಿಬಿಟ್ಟಳು. ತಡಮಾಡಬೇಡಿ ಎಂದು ಹಕೀಮರು ಹೇಳಿದ್ದರಿಂದ, ಸುದ್ದಿ ನಿನಗೆ ಮುಟ್ಟುವ ಮೊದಲೇ ಮಣ್ಣು ಮಾಡಿದೆವು. ನನಗಿನ್ನೂ ನಂಬಿಕೆ ಬಂದಿಲ್ಲ ತಮ್ಮಾ. ಯಾರು ಸೀನಿದರೂ ಬೆಚ್ಚಿಬೀಳುತ್ತೇನೆ.

ಈಗ ನಿನ್ನ ಹೆಂಡತಿಗೂ ಸೀನು ಶುರುವಾಗಿದೆ ಎಂದು ಬರೆದಿದ್ದೀ. ಬಾಳೆಯನ್ನು ಬೈಯುತ್ತ ಕೂಡಬೇಡ. ಮೂಗು ಸೋರಿದರೂ ಎದ್ದು ಓಡಾಡುತ್ತಿದ್ದರೆ ನೆಗಡಿ ಎನ್ನು. ಒಮ್ಮೆಲೇ ಜ್ವರ ಏರಿ, ಎಲುಬು ನೊಂದು, ಕೂತಲ್ಲೇ ಕುಸಿದರೆ ಅದೇ ಇದು. ಬೇರೆ ಕೋಣೆಯಲ್ಲಿ ಮಲಗಿಸು, ಒಲೆಯ ಹತ್ತಿರ ಬಿಡಬೇಡ, ಗಂಜಿ ಕುಡಿಸು. ಯಾವುದೆಂದು ತಿಳಿಯದಿದ್ದರೂ ವೈದ್ಯರನ್ನು ಕರೆಸು. ನನ್ನ ಮೇಲೆ ಸಿಟ್ಟಿದ್ದರೂ ಇದೊಂದು ಮಾತು ಕೇಳು.

ಶರಣಬಸವೇಶ್ವರ ನಿಮ್ಮ ಮನೆಯ ದೀಪಗಳನ್ನು ಕಾಯಲಿ.

ನಿನ್ನ ಅಕ್ಕ,
ಶಿವಕಾಂತಮ್ಮ

ತಾ.ಕ.: ಮಾಡದಲ್ಲಿಟ್ಟ ಆ ಹಣ್ಣುಗಳು ಕಪ್ಪಾಗಿವೆ, ಎಸೆಯಲು ಕೈ ಬರುವುದಿಲ್ಲ. "ಎರಡ್ಯಾಕವ್ವ?" ಎಂದು ಅವತ್ತು ಕೇಳಿದ್ದೆ. "ಒಂದು ನನಗ, ಒಂದು ಒಳಗಿನ ಕೂಸಿಗಿ" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ನನಗೂ ಆಗಲೇ ಗೊತ್ತಾದದ್ದು. "ಅಪ್ಪಗ ನೀವು ಹೇಳಬ್ಯಾಡ್ರಿ ಅತ್ತಿ. ದೀಪಾವಳಿಗಿ ಹೋದಾಗ ನಾನೇ ಹೇಳ್ತೀನಿ" ಎಂದು ಆಣೆ ಹಾಕಿಸಿಕೊಂಡಿದ್ದಳು. ದೀಪಾವಳಿ ಬಂತು ತಮ್ಮಾ. ನಾನೇ ಹೇಳಬೇಕಾಯಿತು.