ಸಾಕ್ಷಿಯ ಕಾಲಂ

ಮಾರ್ಚ್ ೧೪, ರಾತ್ರಿ

ಅರ್ಜಿಯ ಆ ಒಂದು ಕಾಲಂ ಇವತ್ತೂ ಖಾಲಿ. ತುರ್ತು ಕರೆ ಸ್ವೀಕರಿಸುವ ನಮಗೂ ಮನಸ್ಸು ಕುಸಿದರೆ ಅಂಗವೈಕಲ್ಯ ಪಿಂಚಣಿ ಕೊಡುವ ಹೊಸ ನಿಯಮ ಬಂದಿದೆ. ಆದರೆ ಘಟನೆಯ ವೇಳೆ ಜೊತೆಗಿದ್ದ ಸಾಕ್ಷಿ ಬೇಕಂತೆ.

“ಪಕ್ಕದ ಸೀಟಿನವ್ರ ಹೆಸರು ಬರೆದುಬಿಡಿ ಮೇಡಂ,” ಎಂದ ಗುಮಾಸ್ತ. ಮಹಾ ಬುದ್ಧಿವಂತ! ಪಕ್ಕದ ಸೀಟಿನವಳ ಕಿವಿಯಲ್ಲಿ ಆಗ ಇನ್ಯಾರದೋ ಮನೆ ಉರಿಯುತ್ತಿತ್ತು.

ನನ್ನನ್ನು ಕುಸಿಯುವಂತೆ ಮಾಡಿದ ಆ ಕರೆಯ ಹತ್ತೊಂಬತ್ತು ನಿಮಿಷ ನನ್ನ ಜೊತೆಗಿದ್ದದ್ದು ಫೋನಿನ ಆ ಕಡೆಯ ಅಜ್ಜಿ ಒಬ್ಬಳೇ. “ಫೋನ್ ಇಡ್ಬೇಡ ಮಗಳೇ,” ಎನ್ನುತ್ತಿದ್ದಳು. ಆಂಬುಲೆನ್ಸ್ ತಲುಪುವ ಮೊದಲೇ ಅವಳ ಉಸಿರು ನಿಂತಿತು. ಆಮೇಲೂ ನಾನು ಇಡಲಿಲ್ಲ.

ಮೊದಲು ವಿಳಾಸ ಕೇಳಬೇಕು, ಅದು ನಮಗೆ ಕಲಿಸಿದ ಪಾಠ. ಕೇಳಿದ್ದೆ. ಹೆಸರು ಕೇಳಲು ಮರೆತೆ.

ಮನೆ ನಂಬರ್ ಹದಿನೇಳು, ಎರಡನೇ ಮಹಡಿ, ನೀಲಿ ಗೇಟು. ಸಾಕ್ಷಿಯ ಕಾಲಂನಲ್ಲಿ ಈಗ ಅಷ್ಟನ್ನೇ ಬರೆದೆ.